ಗೆರೆಯ ದಪ್ಪ

ಗೋವೆಯ ಪರ್ವರಿಯಲ್ಲಿ ಈಗ ಎತ್ತ ನೋಡಿದರೂ ಫ್ಲಾಟುಗಳು. ಅವುಗಳ ಅಡುಗೆಮನೆಗೆ ಕಪಾಟು ಕೂರಿಸುವ ಕಂಪನಿಯೊಂದರಲ್ಲಿ ನಾನು ನಕ್ಷೆ ಎಳೆಯುತ್ತೇನೆ. ಬೆಳಿಗ್ಗೆ ಅಳತೆ, ಮಧ್ಯಾಹ್ನದಿಂದ ಕಂಪ್ಯೂಟರು, ಸಂಜೆ ವಾಸ್ಕೋ ಬಸ್ಸು. ಒಂದು ಅಡುಗೆಮನೆಗೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಸಿಂಕು ಎಡಕ್ಕಿದೆಯೋ ಬಲಕ್ಕಿದೆಯೋ ಅಷ್ಟೇ ಎನ್ನುತ್ತೇನೆ. ಬೇಸರ ಎನ್ನುವುದೂ ಒಂದು ಕೆಲಸದ ಹಾಗೆ ರೂಢಿಯಾಗಿಬಿಟ್ಟಿದೆ.

ಹೋದ ವಾರ ಹಾಗೆಯೇ ಒಂದು ಹೊಸ ಕಟ್ಟಡಕ್ಕೆ ಹೋಗಿದ್ದೆ. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತಿದ್ದ ವಯಸ್ಸಾದ ವಾಚ್‌ಮನ್ ರಿಜಿಸ್ಟರನ್ನು ನನ್ನ ಕಡೆ ಸರಿಸಿ, "ನೀವ ಬರ್ಕೋರಿ ಅಕ್ಕಾರ. ನನಗ ಅಕ್ಷರ ಕಾಣೂದಿಲ್ಲ" ಎಂದರು. ಪೆನ್ನು ಹಿಡಿದ ಕೈ ನಿಂತುಹೋಯಿತು. ಮುಖ ಬದಲಾಗಿತ್ತು, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಆದರೆ ಆ ದನಿ ನಿಂಗಪ್ಪ ಮಿಸ್ತ್ರಿಯದು. ಅವರು ನನ್ನತ್ತಲೇ ನೋಡುತ್ತಿದ್ದರು, ಗುರುತು ಹಿಡಿಯಲಿಲ್ಲ. ನಾನು ಹೆಸರನ್ನು ಸಣ್ಣ ಅಕ್ಷರದಲ್ಲಿ, ಕಳ್ಳಿಯ ಹಾಗೆ ಬರೆದು, ಮಾತಾಡದೆ ಮೆಟ್ಟಿಲು ಹತ್ತಿದೆ.

ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಪ್ಲೈವುಡ್ ಹಾಳೆಗಳನ್ನು ಒಟ್ಟಿದ್ದರು. ಕಿಟಕಿಗೆ ಇನ್ನೂ ಗಾಜು ಕೂರಿಸಿರಲಿಲ್ಲ, ಎರಚಲು ಹೊಡೆದು ಹಲಗೆಗಳು ನೆನೆದಿದ್ದವು. ನೆನೆದ ಪ್ಲೈವುಡ್ಡಿಗೆ ಒಂದು ಹುಳಿ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ಟೇಪು ಹಿಡಿದುಕೊಂಡು ಅಲ್ಲೇ ಹಲಗೆಗಳ ಮೇಲೆ ಕೂತುಬಿಟ್ಟೆ. ಎಂಟು ವರ್ಷದ ಹಿಂದಿನ ಆ ಮಳೆಗಾಲವನ್ನು ನೆನೆಯಬಾರದೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಆಗ ನನಗೆ ಇಪ್ಪತ್ತಮೂರು. ಡಿಪ್ಲೊಮಾ ಮುಗಿದು, ವಾಸ್ಕೋ ಹತ್ತಿರದ ಒಂದು ಕೈಗಾರಿಕಾ ವಸಾಹತಿನಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಕೆಲಸ ಸಿಕ್ಕಿತ್ತು. ವಾಸ್ಕೋದ ಮಂಗೋರ್ ಹಿಲ್ಲಿನ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಹಿಡಿದ ಮೊದಲ ಹುಡುಗಿ ನಾನೇ. ಬಂದರಿನಲ್ಲಿ ಮೂಟೆ ಹೊತ್ತು ಮೊಣಕಾಲು ಕಳೆದುಕೊಂಡಿದ್ದ ಅಪ್ಪ ನಳದ ಮುಂದೆ ಕೊಡ ಹಿಡಿದು ನಿಂತವರಿಗೆಲ್ಲ, "ನಮ್ಮ ರೇಣುಕಾ ಎಸಿ ರೂಮಿನ್ಯಾಗ ಕುಂದರ್ತಾಳ" ಎಂದು ಹೇಳಿಕೊಂಡು ತಿರುಗಿದ್ದರು. ಎಸಿ ಇದ್ದದ್ದು ನಿಜ. ಅದು ಕಂಪ್ಯೂಟರುಗಳಿಗಾಗಿ ಇತ್ತು.

ಕೆಲಸದ ಜಾಗದ ಹೆಸರು ವಿನ್ಯಾಸ ಸಹಾಯ ಕೇಂದ್ರ. ಕ್ಯಾಂಟೀನಿನ ಮೇಲಿನ ಒಂದೇ ಕೋಣೆ. ನಾಲ್ಕು ಕಂಪ್ಯೂಟರು, ಲೈಸೆನ್ಸ್ ಇರುವ ಕ್ಯಾಡ್ ಸಾಫ್ಟ್‌ವೇರು, ಬಾಗಿಲಗಲದ ಕಾಗದದ ಮೇಲೆ ನಕ್ಷೆ ಮುದ್ರಿಸುವ ಪ್ಲಾಟರ್, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಒಂದು ಕಪಾಟು ಪುಸ್ತಕ. ಸಣ್ಣ ವರ್ಕ್‌ಶಾಪಿನವರು ದುಬಾರಿ ಸಾಫ್ಟ್‌ವೇರ್ ಕೊಳ್ಳಲಾರರು, ಇಲ್ಲಿಗೆ ಬಂದು ಪುಕ್ಕಟೆ ನಕ್ಷೆ ಮಾಡಿಸಿಕೊಳ್ಳಲಿ, ಕಲಿಯಲಿ ಎಂಬುದು ಯೋಜನೆ. ಒಳ್ಳೆಯ ಯೋಜನೆಯೇ. ಆದರೆ ಬರುತ್ತಿದ್ದವರು ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಲು ಬರುತ್ತಿದ್ದರು. ಒಬ್ಬರು ಮಗನ ಹುಟ್ಟುಹಬ್ಬದ ಬ್ಯಾನರನ್ನು ಪ್ಲಾಟರಿನಲ್ಲಿ ತೆಗೆದುಕೊಡಲು ಕೇಳಿದ್ದರು. ನಾನು ತೆಗೆದುಕೊಟ್ಟೆ. ಪಣಜಿಯ ಮೇಲಧಿಕಾರಿ ವಾರಕ್ಕೊಮ್ಮೆ ಫೋನು ಮಾಡಿ ಎಷ್ಟು ಘಟಕಗಳಿಗೆ ಪ್ರಯೋಜನವಾಯಿತು ಎಂದು ಕೇಳುತ್ತಿದ್ದರು.

ಜೂನಿನಲ್ಲಿ, ಮಳೆ ಹಿಡಿದ ಮೊದಲ ವಾರ, ನಿಂಗಪ್ಪ ಮಿಸ್ತ್ರಿ ಬಂದರು. ಬಾಗಿಲಗಲದ ಪ್ಲೈವುಡ್ ಹಲಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದಿದ್ದರು. ಹಲಗೆ ಮಾತ್ರ ಒಣಗಿತ್ತು, ಮನುಷ್ಯ ತೊಪ್ಪೆಯಾಗಿದ್ದರು.

"ಇಲ್ಲಿ ನಕಾಶೆ ಪುಕ್ಕಟ ತಕ್ಕೊಡ್ತಾರಂತ, ಖರೇ ಏನವಾ?"

"ಖರೇನ ಕಾಕಾ. ಬರ್ರಿ, ಕುಂದರ್ರಿ" ಎಂದೆ. ಕನ್ನಡ ಕೇಳಿ ಅವರ ಮುಖ ಅರಳಿತು. ಬಾದಾಮಿ ಕಡೆಯವರು, ಗೋವೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಹಿಂದಿನ ಸಾಲಿನ ಒಂದು ವರ್ಕ್‌ಶಾಪಿನಲ್ಲಿ ಮಿಸ್ತ್ರಿ. ಮೀನು ಹಿಡಿಯುವ ಟ್ರಾಲರುಗಳ ಕಬ್ಬಿಣದ ಕೆಲಸ ಅಲ್ಲಿ ಆಗುತ್ತಿತ್ತು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡ ಹತ್ತುತ್ತವೆ, ವರ್ಷದ ರಿಪೇರಿಯೆಲ್ಲ ಅಷ್ಟರೊಳಗೆ ಮುಗಿಯಬೇಕು, ಆಗಸ್ಟಿನ ಮೊದಲ ದಿನ ನೀರಿಗೆ ಇಳಿಯಲೇಬೇಕು.

ಅವರು ಹಲಗೆ ಬಿಚ್ಚಿದರು. ಅದನ್ನು ಫರ್ಮಾ ಎನ್ನುತ್ತಿದ್ದರು. ಮಾಡಬೇಕಾದ ವಸ್ತುವಿನ ಆಕಾರವನ್ನು ಇದ್ದಷ್ಟೇ ಗಾತ್ರದಲ್ಲಿ ಹಲಗೆಯ ಮೇಲೆ ಬಿಳಿ ಪೇಂಟಿನಿಂದ ಎಳೆದಿದ್ದರು. ಗೆರೆ ಬೆಂಕಿಕಡ್ಡಿಯಷ್ಟು ದಪ್ಪ, ಎಲ್ಲಿಯೂ ಹೆಚ್ಚು ಕಡಿಮೆ ಇಲ್ಲ. ಇಂಥ ಫರ್ಮಾಗಳು ಅವರ ಬಳಿ ಹದಿನಾಲ್ಕು ಇದ್ದವು. ಮೂವತ್ತು ವರ್ಷದಿಂದ ಆ ವರ್ಕ್‌ಶಾಪು ನಡೆದದ್ದು ಆ ಹದಿನಾಲ್ಕು ಹಲಗೆಗಳ ಮೇಲೆ.

"ಇದನ್ನ ಹಾಳಿ ಮ್ಯಾಲೆ ತಕ್ಕೊಡು. ಅಳತಿ ಅಂಕಿ ಮಾತ್ರ ಇಷ್ಟಿಷ್ಟ ದೊಡ್ಡೂ ಇರ್ಬೇಕು" ಎಂದು ಹೆಬ್ಬೆರಳು ತೋರಿಸಿದರು. ಯಾಕೆ ಅಷ್ಟು ದೊಡ್ಡದು ಎಂದು ಕೇಳಿದೆ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸಕ್ರಿ ಬ್ಯಾನಿ ಕಣ್ಣಿಗೆ ಬಂದೈತಿ ಯವ್ವಾ. ಪಟ್ಟಿ ಮ್ಯಾಲಿನ ಸಣ್ಣ ಗೆರಿ ಕಾಣವಲ್ವು. ಪಾತ್ರಾಂವ್‌ಗ ಗೊತ್ತಾತಂದ್ರ ನನ್ನ ಕತಿ ಮುಗೀತು. ಯಾರ ಮುಂದನೂ ಅನ್ಬ್ಯಾಡ." ಪಾತ್ರಾಂವ್ ಅಂದರೆ ವರ್ಕ್‌ಶಾಪಿನ ಮಾಲೀಕ, ಎಲ್ಲರೂ ಕರೆಯುತ್ತಿದ್ದದ್ದು ಹಾಗೇ.

ಅನ್ನುವುದಿಲ್ಲ ಎಂದೆ. ಅನ್ನಲೂ ಇಲ್ಲ. ಆ ಮಾತನ್ನಾದರೂ ಉಳಿಸಿಕೊಂಡೆ.

ಜೂನ್ ಪೂರ್ತಿ ಅವರು ಊಟದ ಬಿಡುವಿನಲ್ಲಿ ಬರುತ್ತಿದ್ದರು. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಕೂತು ಅಳೆಯುತ್ತಿದ್ದೆವು. ನಾನು ಅಂಕಿ ಓದುತ್ತಿದ್ದೆ, ಅವರು ಹೆಬ್ಬೆರಳನ್ನು ಮೂಲೆಯಿಂದ ಮೂಲೆಗೆ ಸವರುತ್ತ "ಹೂಂ, ಮುಂದ ನಡಿ" ಎನ್ನುತ್ತಿದ್ದರು. ಕರೆಂಟು ಹೋದರೆ ಯುಪಿಎಸ್ ಕೂಗಿಕೊಳ್ಳುತ್ತಿತ್ತು. ಪ್ಲಾಟರಿನ ಕಾಗದ ತೇವ ಹೀರಿ ಮೆತ್ತಗಾದ ಹಪ್ಪಳದ ಹಾಗೆ ಸುರುಳಿಯಾಗುತ್ತಿತ್ತು. ಆ ಕೋಣೆಗೆ ನಿಜವಾದ ಕೆಲಸ ಹೊತ್ತು ತಂದ ಮೊದಲ ಮನುಷ್ಯ ಅವರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು.

ಒಂದು ದಿನ ಅವರು ಪರದೆಯ ಹತ್ತಿರಕ್ಕೆ ಮೂಗು ತಂದು, "ಇದರಾಗಿನ ಗೆರಿ ಎಷ್ಟ ದಪ್ಪ?" ಎಂದರು.

"ಇದಕ್ಕ ದಪ್ಪ ಇರೂದಿಲ್ಲ ಕಾಕಾ" ಎಂದು ಹಿಗ್ಗಿಸಿ ತೋರಿಸಿದೆ. ಎಷ್ಟು ಹಿಗ್ಗಿಸಿದರೂ ಗೆರೆ ಕೂದಲಿನಷ್ಟೇ ಇತ್ತು.

"ದಪ್ಪನ ಇಲ್ಲಂದ್ರ ಅದು ಗೆರಿ ಹ್ಯಾಂಗಾತು?" ಎಂದು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಹಲಗೆ ತಟ್ಟಿದರು. "ಕೇಳಿಲ್ಲೆ. ನಂದರಾಗ ಗೆರಿ ಜಾಬಿಂದು, ಅಂದ್ರ ನಾವು ಮಾಡೂ ಸಾಮಾನಿಂದು. ಗೆರಿ ಬಿಟ್ಟು ಹೊರಗ ಕತ್ತರಿಸ್ಬೇಕು. ಕತ್ತರಿಸಿದ ತಗಡ ಫರ್ಮಾದ ಮ್ಯಾಲೆ ಇಟ್ರ ಗೆರಿ ಪೂರಾ ಮುಚ್ಚಬೇಕು. ಬಿಳಿ ಕಂಡಿತಂದ್ರ ಜಾಬ್ ಸಣ್ಣ ಆತು ಅಂತ ತಿಳಿ." ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದೆ. ಆ ನೋಟ್‌ಬುಕ್ಕು ಇನ್ನೂ ಮನೆಯಲ್ಲಿದೆ, ನಾನು ತೆರೆಯುವುದಿಲ್ಲ.

ಜೂನ್ ಮುಗಿಯುವಷ್ಟರಲ್ಲಿ ಮೂರು ನಕ್ಷೆ ಆಗಿದ್ದವು. ಜುಲೈ ಮೊದಲ ವಾರ ಪಾತ್ರಾಂವ್ ಯಾವುದೋ ಕಾಗದದ ಝೆರಾಕ್ಸಿಗೆ ಮೇಲೆ ಬಂದರು. ಪ್ಲಾಟರಿನ ಮೇಲೆ ಒಣಗುತ್ತಿದ್ದ ನಕ್ಷೆ ನೋಡಿ, "ಅರೇ, ಇದು ನಮ್ಮ ಚುಕ್ಕಾಣಿಯಲ್ಲವಾ?" ಎಂದು ಕಣ್ಣರಳಿಸಿದರು. ಗ್ಯಾಸ್ ಕಟಿಂಗ್ ಮಾಡುವ ಅವರ ಆಳುಗಳು ಬಿತ್ತನೆಗೆಂದು ಊರಿಗೆ ಹೋಗಿದ್ದರು, ಪ್ರತಿ ವರ್ಷದ ತಲೆನೋವು ಅದು. ಕಂಪ್ಯೂಟರ್ ನಕ್ಷೆ ಇದ್ದರೆ ಹೊರಗಡೆ ಲೇಸರ್ ಯಂತ್ರದಲ್ಲಿ ಕತ್ತರಿಸಿ ತರಬಹುದು ಎಂಬುದು ಅವರಿಗೆ ಅಲ್ಲೇ ಹೊಳೆಯಿತು. ಉಳಿದ ಹನ್ನೊಂದೂ ಫರ್ಮಾ ನಾಲ್ಕು ದಿನದಲ್ಲಿ ಮಾಡಿಕೊಡು, ಎಲ್ಲಕ್ಕಿಂತ ಮೊದಲು ಬೋಟಿನ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್ ಹಿಡಿಯುವ ಬ್ರಾಕೆಟ್ಟು, ನಾಲ್ಕು ಬೋಟಿಗೆ ಬೇಕು ಎಂದರು. ಅದೇ ದಿನ ಪಣಜಿಯಿಂದಲೂ ಫೋನು. ತಿಂಗಳ ಕೊನೆಗೆ ಪರಿಶೀಲನಾ ಸಮಿತಿ ಬರುತ್ತದೆ, ತೋರಿಸಲು ಏನಾದರೂ ಇರಲಿ, ನಿನ್ನ ಕರಾರು ಮುಂದುವರಿಯುವುದು ಅದರ ಮೇಲೆ ಎಂದರು.

ನಾಲ್ಕು ದಿನದಲ್ಲಿ ಹನ್ನೊಂದು ಹಲಗೆ ಅಳೆಯಲು ಆಗುತ್ತದೆಯೇ? ನಾನು ಸುಲಭದ ದಾರಿ ಹಿಡಿದೆ. ಮೊಬೈಲಿನಲ್ಲಿ ಹಲಗೆಗಳ ಫೋಟೋ ಹೊಡೆದು, ಕಂಪ್ಯೂಟರಿಗೆ ಹಾಕಿ, ಅದರ ಮೇಲೇ ಗೆರೆ ಎಳೆದೆ. ಬಿಳಿ ಗೆರೆಯ ಒಳ ಅಂಚು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಮೌಸು ಅಲ್ಲೇ ಹೋಗಿ ಕೂರುತ್ತಿತ್ತು. ಗೆರೆ ಜಾಬಿನದು ಎಂಬ ಮಾತು ಮರೆತುಹೋಗಿತ್ತು ಎಂದು ಸುಳ್ಳು ಹೇಳಲಾರೆ. ನೆನಪಾಗಿತ್ತು. ಎಲ್ಲ ಮುಗಿದ ಮೇಲೆ ಒಂದೇ ಸಲ ಹೊರಕ್ಕೆ ಸರಿಸಿದರಾಯಿತು ಅಂದುಕೊಂಡೆ. ಆಮೇಲೆ ಪೆನ್‌ಡ್ರೈವ್ ಕೇಳಿಕೊಂಡು ಪಾತ್ರಾಂವ್ ಬಂದರು, ಗೆರೆ ಸರಿಸದೆಯೇ ಕೊಟ್ಟು ಕಳಿಸಿದೆ.

ಬ್ರಾಕೆಟ್ಟಿನ ತಗಡುಗಳು ಕತ್ತರಿಸಿಕೊಂಡು ಬಂದವು. ಅಂಚು ಎಷ್ಟು ನುಣುಪಾಗಿತ್ತೆಂದರೆ ಪಾತ್ರಾಂವ್ ಎಲ್ಲರನ್ನೂ ಕರೆದು ಕರೆದು ತೋರಿಸಿದರಂತೆ. ಬೆಸೆದು ಮೊದಲ ಬೋಟಿಗೆ ಕೂರಿಸಿದಾಗ ಶಾಫ್ಟು ನೇರವಾಗಿ ನಿಲ್ಲಲಿಲ್ಲ. ನಾಲ್ಕು ಮಿಲಿಮೀಟರ್ ಗಿಡ್ಡ. ಎಂಜಿನ್ ತಿರುಗಿದರೆ ಬೋಟು ಪೂರ್ತಿ ನಡುಗುತ್ತಿತ್ತು. ನಾಲ್ಕು ಬೋಟಿನ ಬ್ರಾಕೆಟ್ಟುಗಳೂ ವ್ಯರ್ಥ, ಆಗಸ್ಟಿಗೆ ಉಳಿದದ್ದು ಎಂಟು ದಿನ.

ನನ್ನನ್ನು ವರ್ಕ್‌ಶಾಪಿಗೆ ಕರೆಸಿದರು. ಕಾಲು ಎಳೆದುಕೊಂಡು ಹೋದೆ, ಏನಾಗಿದೆ ಎಂದು ದಾರಿಯಲ್ಲೇ ಗೊತ್ತಾಗಿತ್ತು. ಆ ಬ್ರಾಕೆಟ್ಟಿನ ಫರ್ಮಾ ಹಳೆಯದಲ್ಲ. ಹಳೆಯದಕ್ಕೆ ಹುಳ ಹಿಡಿದಿತ್ತೆಂದು ಹಿಂದಿನ ವರ್ಷ ಮಿಸ್ತ್ರಿಯೇ ಹೊಸ ಹಲಗೆಯ ಮೇಲೆ ತಿರುಗಿ ಎಳೆದಿದ್ದರು. "ನೀನು ಎಳೆದದ್ದೇ ತಪ್ಪಾಗಿದೆ, ಕಂಪ್ಯೂಟರ್ ತನ್ನಿಂದ ತಾನೇ ತಪ್ಪು ಮಾಡುತ್ತದಾ?" ಎಂದು ಪಾತ್ರಾಂವ್ ಮಿಸ್ತ್ರಿಯ ಮೇಲೆ ಹಿಂದಿಯಲ್ಲಿ ಕೂಗಾಡುತ್ತಿದ್ದರು. ಅಷ್ಟರಲ್ಲಿ ಬೋಟಿನ ಮಾಲೀಕನ ಫೋನು ಬಂತು, ಮಾತಾಡುತ್ತ ಹೊರಗೆ ಹೋದರು. ಬೆಸುಗೆಯವರು ಊಟಕ್ಕೆ ಎದ್ದಿದ್ದರು. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ನಾವಿಬ್ಬರೇ ಉಳಿದೆವು.

ಮಿಸ್ತ್ರಿ ಹಲಗೆಯನ್ನು ನೆಲಕ್ಕೆ ಹಾಕಿ, ಕತ್ತರಿಸಿ ಉಳಿದಿದ್ದ ಒಂದು ತಗಡನ್ನು ಅದರ ಮೇಲೆ ಇಟ್ಟರು. ಬಗ್ಗಿ ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಹಲಗೆ ನೆನೆದು ಉಬ್ಬಿತ್ತು, ಪೇಂಟು ಅಲ್ಲಲ್ಲಿ ಎದ್ದಿತ್ತು, ಬೆರಳಿಗೂ ತಿಳಿಯಲಿಲ್ಲ. ನೆನೆದ ಪ್ಲೈವುಡ್ಡಿನ ಹುಳಿ ವಾಸನೆ ಶೆಡ್ಡಿನ ತುಂಬ ಇತ್ತು.

"ತಂಗಿ, ನೀ ನೋಡಿ ಹೇಳು" ಎಂದರು. "ಗೆರಿ ಮುಚ್ಚೇತೋ, ಕಾಣಾಕತ್ತೈತೋ?"

ಬಿಳಿ ಗೆರೆ ತಗಡಿನ ಸುತ್ತ ಪೂರ್ತಿ ಕಾಣುತ್ತಿತ್ತು. ಹಾಲಿನಲ್ಲಿ ಬರೆದ ಹಾಗೆ.

ನನಗೆ ಆ ಕ್ಷಣ ಅಪ್ಪ ನೆನಪಾದರು, ಪಣಜಿಯ ಫೋನು ನೆನಪಾಯಿತು, ಸಮಿತಿಯವರು ಬರುವ ದಿನ ನೆನಪಾಯಿತು. ಇವರ ಕಣ್ಣು ನೆನಪಾಗಲಿಲ್ಲ. ಇಲ್ಲ, ಅದೂ ನೆನಪಾಗಿತ್ತು. ಇವರಿಗೆ ಕಾಣುವುದಿಲ್ಲ ಎಂಬ ಧೈರ್ಯದ ಮೇಲೇ ನಾನು, "ಮುಚ್ಚೇತಿ ಕಾಕಾ" ಎಂದೆ.

"ಪೂರಾ?"

"ಪೂರಾ."

ಅವರು ಎದ್ದು ನಿಂತರು. ಆಮೇಲೆ ಹಲಗೆಯನ್ನು ಎತ್ತಿ ಗೋಡೆಗೆ ಆನಿಸಿದರು, ಕಣ್ಣು ಕಾಣದವರು ಎಂದು ಗೊತ್ತಾಗದಷ್ಟು ನೆಟ್ಟಗೆ. ಪಾತ್ರಾಂವ್ ಒಳಗೆ ಬಂದಾಗ ತಾವಾಗಿಯೇ ಹೇಳಿದರು. "ತಪ್ಪು ನಂದರಿ ಪಾತ್ರಾಂವ್. ವರ್ಷದಿಂದ ನನ್ನ ಕಣ್ಣು ಸರಿ ಇಲ್ಲ. ನಿಮ್ಮ ಮುಂದ ಮುಚ್ಚಿಟ್ಟಿದ್ದೆ. ಫರ್ಮಾ ಎಳಿಯೂಮುಂದ ನನ್ನ ಕೈ ತಪ್ಪೇತಿ."

ನಾನು ಅಲ್ಲೇ ಇದ್ದೆ.

ಪಾತ್ರಾಂವ್ ಕೆಟ್ಟ ಮನುಷ್ಯ ಅಲ್ಲ. ಸಿಟ್ಟು ಇಳಿದ ಮೇಲೆ, ಇರಲಿ ನಿಂಗಪ್ಪಾ, ಸ್ಟೋರ್ ನೋಡಿಕೊಂಡು ಇರು ಎಂದರಂತೆ. ಮಿಸ್ತ್ರಿ ಒಪ್ಪಲಿಲ್ಲ. ಅದೇ ಶನಿವಾರ ತಮ್ಮ ಪಟ್ಟಿ, ಮೂಲೆ ಅಳೆಯುವ ಕಾಟಕೋನ, ಕಂಪಾಸು ಎಲ್ಲವನ್ನೂ ಅಲ್ಲಿಯವರಿಗೆ ಕೊಟ್ಟು ಹೊರಟುಹೋದರು.

ನಾನು ಅವತ್ತು ಸಂಜೆಯೇ ಎಲ್ಲ ಗೆರೆಗಳನ್ನೂ ಬಿಳಿ ಗೆರೆಯ ದಪ್ಪದಷ್ಟು, ಒಂದೊಂದು ಬದಿಗೂ ಎರಡು ಮಿಲಿಮೀಟರ್, ಹೊರಕ್ಕೆ ಸರಿಸಿದೆ. ಮೌಸಿನ ನಾಲ್ಕು ಒತ್ತು, ಐದು ನಿಮಿಷದ ಕೆಲಸ. ಹೊಸ ಬ್ರಾಕೆಟ್ಟುಗಳು ಕರಾರುವಾಕ್ಕಾಗಿ ಕೂತವು, ನಾಲ್ಕೂ ಬೋಟು ಆಗಸ್ಟಿನ ಮೊದಲ ದಿನ ನೀರಿಗಿಳಿದವು. ಮಿಸ್ತ್ರಿಯ ತಪ್ಪನ್ನು ಕಂಪ್ಯೂಟರ್ ಹುಡುಗಿ ತಿದ್ದಿದಳು ಎಂದು ಪಾತ್ರಾಂವ್ ಸಮಿತಿಯ ಮುಂದೆ ಹೊಗಳಿದರು. ಬ್ರಾಕೆಟ್ ಹಿಡಿದುಕೊಂಡ ನನ್ನ ಫೋಟೋ ತೆಗೆದು ಕೇಂದ್ರದ ಗೋಡೆಗೆ ಹಾಕಿದರು. ಕರಾರು ಇನ್ನೂ ಹನ್ನೊಂದು ತಿಂಗಳು ಮುಂದುವರಿಯಿತು. ಅದಾದ ಮೇಲೆ ಲೈಸೆನ್ಸಿನ ಅವಧಿ ಮುಗಿಯಿತು, ಯಾರೂ ನವೀಕರಿಸಲಿಲ್ಲ, ಕೇಂದ್ರಕ್ಕೆ ಬೀಗ ಬಿತ್ತು. ಇಷ್ಟಕ್ಕಾಗಿ ನಾನು ಅಷ್ಟು ಮಾಡಿದ್ದೆ.

ಮಿಸ್ತ್ರಿಯ ಮನೆ ಇದ್ದದ್ದೂ ಮಂಗೋರ್ ಹಿಲ್ಲಿನಲ್ಲೇ, ನಮ್ಮ ಓಣಿಯಿಂದ ಎರಡು ಸಾಲು ಕೆಳಗೆ. ಹೇಳಿಬಿಡೋಣ ಎಂದು ಹಲವು ಸಲ ಅತ್ತ ಹೆಜ್ಜೆ ಹಾಕಿದ್ದೆ. ಪ್ರತಿ ಸಲ ಏನೋ ಒಂದು ನೆವ. ಕೊನೆಗೆ ಅವರ ಮನೆಯ ಮುಂದೆ ಇಳಿಯುವ ಮೆಟ್ಟಿಲನ್ನೇ ಬಿಟ್ಟು ಸುತ್ತುಬಳಸಿನ ದಾರಿಯಲ್ಲಿ ಬಸ್ಸಿಗೆ ಹೋಗತೊಡಗಿದೆ. ದೀಪಾವಳಿ ಹೊತ್ತಿಗೆ ಮನೆ ಖಾಲಿ ಮಾಡಿದರು ಎಂದು ಕೇಳಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ದಿನ ನನಗೆ ಹಾಯೆನಿಸಿತ್ತು.

ಪರ್ವರಿಯ ಆ ಅಡುಗೆಮನೆಯನ್ನು ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಅಂಕಿ ಬಂತು. ಟೇಪು ಚೀಲಕ್ಕೆ ಹಾಕಿ ಕೆಳಗಿಳಿದೆ. ಸುಮ್ಮನೆ ಗೇಟು ದಾಟಿದ್ದರೆ ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ತಪ್ಪಿಸಿಕೊಂಡು ತಿರುಗುವುದೂ ಸಾಕಾಗಿತ್ತು ನನಗೆ. ಎಂಟು ವರ್ಷ ಅಂದರೆ ಕಡಿಮೆಯೇ?

"ಕಾಕಾ, ನಾ ರೇಣುಕಾ. ಕಂಪ್ಯೂಟರ್ ರೇಣುಕಾ" ಎಂದೆ.

ಒಂದು ಗಳಿಗೆ ದನಿಗೆ ಕಿವಿಗೊಟ್ಟರು. ಆಮೇಲೆ ಮುಖವೆಲ್ಲ ನಗುವಾಯಿತು. "ಅಯ್ಯ ನಮ್ಮವ್ವಾ! ನೀ ಏನ? ಏ ಇಕಿನ, ಚಾ ಇಡು, ಯಾರ ಬಂದಾರ ನೋಡು" ಎಂದು ಶೆಡ್ಡಿನ ಹಿಂಬದಿಯ ಕೋಣೆಯಲ್ಲಿದ್ದ ಹೆಂಡತಿಗೆ ಕೂಗಿದರು. ಕುರ್ಚಿಯನ್ನು ಅಂಗೈಯಿಂದ ಒರೆಸಿ ನನಗೆ ಬಿಟ್ಟುಕೊಟ್ಟು ತಾವು ಡಬ್ಬದ ಮೇಲೆ ಕೂತರು. "ಭಾಳ ಚಲೋ ನಕಾಶೆ ತಗೀತಿದ್ದಿ ನೀ. ನಂದ ಕೈ ತಪ್ಪಿ ನಿನ್ನ ಕೆಲಸಕ್ಕೂ ಕುತ್ತು ಬರ್ತಿತ್ತು. ಅವತ್ತಿನಿಂದ ಒಂದು ಗೆರಿ ಎಳದಿಲ್ಲ ನೋಡು."

"ನಿಮ್ಮ ಕೈ ತಪ್ಪಿರಲಿಲ್ಲ ಕಾಕಾ" ಎಂದೆ. "ನಾ ಗೆರಿ ಒಳಗ ಹಿಡದಿದ್ದೆ. ಅವತ್ತ ನೀವು ಕೇಳಿದಾಗ ಮುಚ್ಚೇತಿ ಅಂದೆ. ಸುಳ್ಳ ಹೇಳಿದೆ. ಬಿಳಿ ಗೆರಿ ಸುತ್ತೆಲ್ಲಾ ಕಾಣತಿತ್ತು."

ರಿಜಿಸ್ಟರಿನ ರಟ್ಟಿನ ಅಂಚಿನ ಮೇಲೆ ಅವರ ಹೆಬ್ಬೆರಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸವರುತ್ತಿತ್ತು.

"ಕಾಣತಿತ್ತಾ?"

"ಕಾಣತಿತ್ತು ಕಾಕಾ."

"ಅಂದ್ರ ನಂದು ಬರೊಬ್ಬರಿ ಇತ್ತು" ಎಂದರು. ನನಗಲ್ಲ, ತಮಗೇ ಹೇಳಿಕೊಂಡರು. ಆಮೇಲೆ ಹಿಂದಕ್ಕೆ ತಿರುಗಿ ದನಿಯೆತ್ತಿದರು. "ಏ, ಕೇಳಿದೇನ? ಆ ಫರ್ಮಾ ನಂದು ಬರೊಬ್ಬರಿ ಇತ್ತಂತ!"

"ಯಾವ ಫರ್ಮಾರೀ?" ಎಂದು ಒಳಗಿನಿಂದ ಕೇಳಿದರು ಆಕೆ. ಮಿಸ್ತ್ರಿ ಮಳೆಯ ಕಡೆ ಮುಖ ಮಾಡಿದರು.

"ಹಂಗಾದ್ರ ಗೆರಿ ಎಳಿಯೂದು ನಾ ಸುಮ್ ಸುಮ್ನ ಬಿಟ್ಟೆ" ಎಂದರು.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ. ಆಮೇಲೆ ರಿಜಿಸ್ಟರನ್ನು ತಡಕಿ ತೆರೆದು ನನ್ನ ಕಡೆ ಸರಿಸಿದರು.

"ಹೋಗೂ ಟೈಮ್ ಬರೀರಿ ಅಕ್ಕಾರ" ಎಂದರು.

ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು. ನಾನು ಟೈಮ್ ಬರೆದು, ಕೊಡೆ ಬಿಚ್ಚಿಕೊಂಡು, ಗೇಟಿನ ಹೊರಗೆ ಬಂದೆ.